ಮೊದಲ ಗ್ಲಾಸು ಕೊಡುವ ಕೈಯನ್ನು ತಡೆಯುವುದು ಹೇಗೆ? ಮಕ್ಕಳನ್ನು ಕುಡಿತದಿಂದ ದೂರ ಇಡಲು ಊರಿನವರಿಗೆ ಒಂದು ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆ ಹುಡುಗರು ಮೊದಲ ಸಲ ಕುಡಿಯುವುದು ಎಲ್ಲಿ ಅಂತ ವಿಚಾರಿಸಿ ನೋಡಿ. ಬೀಗರ ಊಟದ ಶಾಮಿಯಾನದ ಹಿಂದೆ. ಹೊಸತೊಡಕಿನ ದಿನ ತೋಟದ ಮೂಲೆಯಲ್ಲಿ. ಗಣಪತಿ ಬಿಡುವ ರಾತ್ರಿ ಕೆರೆ ಏರಿಯ ಮೇಲೆ. ವಾಲಿಬಾಲ್ ಟೂರ್ನಮೆಂಟ್ ಗೆದ್ದ ಸಂಜೆ ಮೈದಾನದ ಪಕ್ಕ. ಹದಿನಾಲ್ಕು ಹದಿನೈದರ ಹುಡುಗ ಒಬ್ಬನೇ ಬಾರ್‌ಗೆ ಹೋಗಿ ಕುಡಿತ ಕಲಿತ ಅನ್ನುವುದನ್ನು ನಾನು ಕೇಳಿದ್ದು ಅಪರೂಪ. ಭಾವನೋ, ಚಿಕ್ಕಪ್ಪನೋ, ಊರಿನ ದೊಡ್ಡ ಹುಡುಗರೋ "ಸ್ವಲ್ಪ ತಗೋ, ಏನೂ ಆಗಲ್ಲ" ಅಂತ ಕೈಗೆ ಕೊಟ್ಟಿರುತ್ತಾರೆ.

ನಾವು ಮಾಡುವ ಕಾರ್ಯಕ್ರಮಗಳು ಮಾತ್ರ ಮಕ್ಕಳ ಕಡೆಗೇ ತಿರುಗಿರುತ್ತವೆ. ಜೂನ್ 26, ಮಾದಕ ವಸ್ತು ವಿರೋಧಿ ದಿನ ಬಂದರೆ ಶಾಲೆಯಲ್ಲಿ ಜಾಥಾ, ಪ್ರತಿಜ್ಞೆ, ಒಂದು ಭಾಷಣ. ಕೊಡುವ ದೊಡ್ಡವರಿಗೆ, ಮಾರುವ ಅಂಗಡಿಗೆ ಯಾರೂ ಏನೂ ಹೇಳುವುದಿಲ್ಲ. ಮಗುವಿಗೆ ಬುದ್ಧಿ ಹೇಳುವುದು ಬೇಕು, ನಿಜ. ಆದರೆ ಮದ್ಯ ಮಗುವಿನ ಕೈಗೆ ಬರುವ ದಾರಿಯನ್ನು ಮುಚ್ಚದೆ ಬರೀ ಬುದ್ಧಿ ಹೇಳಿದರೆ ಪ್ರಯೋಜನ ಕಡಿಮೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಜಾಸ್ತಿ ಜಾಗ ದೊಡ್ಡವರಿಗೆ ಕೊಟ್ಟಿದ್ದೇನೆ.

ಮೊದಲು ಐದಾರು ಜನ ಸೇರಿ

ಹೊಸ ಸಂಘ ಕಟ್ಟಬೇಡಿ. ಬ್ಯಾನರು, ಪದಾಧಿಕಾರಿ, ಉದ್ಘಾಟನೆ ಅಂತ ಶುರುವಾದರೆ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣೆಗೆ ಅಂತ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಇದೆಯಾ, ಯಾರು ಯಾರು ಇದ್ದಾರೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ಕಾಗದದ ಮೇಲೆ ಮಾತ್ರ ಇದ್ದರೆ ಅದನ್ನೇ ಎಬ್ಬಿಸಿ ಕೂರಿಸಿ.

ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಸಮಿತಿ) ಒಬ್ಬರು, ಸ್ತ್ರೀಶಕ್ತಿ ಸಂಘದ ಒಬ್ಬರು, ಪಿಟಿ ಮೇಷ್ಟ್ರು. ಇಷ್ಟು ಜನ ಇದ್ದರೆ ಸಾಕು. ತೋಟದ ಲೈನ್‌ಗಳು (ಕೂಲಿಯವರ ಸಾಲುಮನೆಗಳು) ಇರುವ ಊರಾದರೆ ಒಬ್ಬ ಮೇಸ್ತ್ರಿ ಅಥವಾ ರೈಟರ್ (ತೋಟದ ಲೆಕ್ಕ ಬರೆಯುವವರು) ಬೇಕೇ ಬೇಕು. ಲೈನ್ ಮನೆಗಳ ಸಂಗತಿ ಊರಿನವರಿಗೆ ಗೊತ್ತಾಗುವುದೇ ಇಲ್ಲ. ಸಾಧ್ಯವಾದರೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟು, ಬಿಟ್ಟೇ ಉಳಿದವರೊಬ್ಬರನ್ನು ಸೇರಿಸಿಕೊಳ್ಳಿ. ಬೇರೆ ಕುಡಿಯುವವರ ಮನೆಗೆ ಹೋಗಿ ಮಾತಾಡಲು ಅವರಿಗೆ ಸಿಗುವ ಸಲುಗೆ ನಮಗೆ ಸಿಗುವುದಿಲ್ಲ.

ಊರಿನ ನಕ್ಷೆ ಬರೆಯಿರಿ

ಒಂದು ದೊಡ್ಡ ಹಾಳೆಯ ಮೇಲೆ ಊರನ್ನು ಬರೆಯಿರಿ. ಶಾಲೆ, ಬಸ್ ಸ್ಟಾಪ್, ಸಂತೆ ಮೈದಾನ, ಕೆರೆ, ಹಾಳುಬಿದ್ದ ಕಟ್ಟಡ, ಪಂಪ್‌ಹೌಸ್, ಗೂಡಂಗಡಿ, ಹೋಮ್‌ಸ್ಟೇ, ಡಾಬಾ. ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹುಡುಗರು ಯಾವಾಗ ಸೇರುತ್ತಾರೆ? ಯಾರ ಜೊತೆ? ಮದ್ಯ ಎಲ್ಲಿಂದ ಬರುತ್ತದೆ?

ಆಮೇಲೆ ಮಕ್ಕಳನ್ನು ಕೇಳಿ. ಆದರೆ "ನೀನು ಕುಡೀತೀಯಾ?" ಅಂತ ಕೇಳಬೇಡಿ. ಯಾರೂ ನಿಜ ಹೇಳುವುದಿಲ್ಲ, ಹೇಳಿದವನಿಗೆ ತೊಂದರೆ ಬೇರೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಸಣ್ಣ ಚೀಟಿ ಕೊಡಿ. "ನಿಮ್ಮ ವಯಸ್ಸಿನವರಿಗೆ ಮದ್ಯ ಸಿಗುವುದು ಎಲ್ಲಿ? ಯಾವ ದಿನ? ಕೊಡುವವರು ಮನೆಯವರೋ, ಸ್ನೇಹಿತರೋ, ಅಂಗಡಿಯವರೋ?" ಹೆಸರು ಬರೆಯುವ ಹಾಗಿಲ್ಲ, ತಮ್ಮದೂ ಇಲ್ಲ, ಬೇರೆಯವರದೂ ಇಲ್ಲ. ಚೀಟಿ ಹಾಕಲು ಒಂದು ಡಬ್ಬ ಇಡಿ. ಅದನ್ನು ಶಾಲೆಯವರು ತೆರೆಯದೆ ಆಶಾ ಕಾರ್ಯಕರ್ತೆ ತೆರೆಯಲಿ. ಹೆಣ್ಣುಮಕ್ಕಳ ಚೀಟಿಗಳನ್ನು ಗಮನ ಇಟ್ಟು ಓದಿ. ಅಪ್ಪ, ಅಣ್ಣಂದಿರ ಕುಡಿತದಿಂದ ಮನೆಯಲ್ಲಿ ಏನಾಗುತ್ತಿದೆ ಅನ್ನುವುದು ಅಲ್ಲಿ ಬರುತ್ತದೆ.

ಇದರ ಜೊತೆ ಒಂದು ಕ್ಯಾಲೆಂಡರ್ ಬೇಕು. ನಮ್ಮ ಕಡೆ ಅಪಾಯದ ದಿನಗಳು ಮೊದಲೇ ಗೊತ್ತಿರುತ್ತವೆ. ಯುಗಾದಿಯ ಮಾರನೇ ದಿನದ ಹೊಸತೊಡಕು. ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆ ಮುಗಿದ ದಿನ. ಬೇಸಿಗೆಯ ಮದುವೆ, ಜಾತ್ರೆ. ಗಣಪತಿ ವಿಸರ್ಜನೆ. ಡಿಸೆಂಬರ್ 31. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ವಾರವಾರದ ಬಟವಾಡೆ (ಕೂಲಿ ಕೊಡುವ) ದಿನ, ಅದರ ಜೊತೆಗೇ ಬರುವ ಸಂತೆ. ಕುಯ್ಲಿನಲ್ಲಿ ಹುಡುಗರ ಕೈಯಲ್ಲೂ ಕಾಸು ಓಡಾಡುತ್ತದೆ. ಈ ದಿನಗಳಿಗೆ ಒಂದು ವಾರ ಮೊದಲೇ ನಿಮ್ಮ ಕೆಲಸ ನಡೆದಿರಬೇಕು.

ಕಾನೂನು ಏನು ಹೇಳುತ್ತದೆ

ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ನಿಯಮದ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು. ಜನ ವಿರೋಧ ಮಾಡಿದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಆಕ್ಷೇಪಣೆ ಬರೆದು ಕಳಿಸಿದರೆ ಏನೂ ಆಗಲ್ಲ ಅನ್ನುವವರಿಗೆ ಇದನ್ನು ನೆನಪಿಸಿ.

ಇನ್ನೂ ಗಟ್ಟಿಯಾದದ್ದು 2015ರ ಬಾಲನ್ಯಾಯ ಕಾಯ್ದೆ. ಅದರ 77ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ವೈದ್ಯರು ಹೇಳಿ ಕೊಟ್ಟದ್ದಕ್ಕೆ ಮಾತ್ರ ವಿನಾಯಿತಿ. ಗಮನಿಸಿ, ಇದು ಮಾರಿದವರಿಗೆ ಮಾತ್ರ ಅಲ್ಲ, ಕೊಟ್ಟವರಿಗೂ ಅನ್ವಯ. ಬೀಗರ ಊಟದಲ್ಲಿ ಗ್ಲಾಸು ಚಾಚಿದ ಮಾವನೂ ಇದರಲ್ಲಿ ಬರುತ್ತಾರೆ. 78ನೇ ಸೆಕ್ಷನ್ ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದು, ತರಿಸುವುದು, ಸಾಗಿಸುವುದರ ಬಗ್ಗೆ. ಶಿಕ್ಷೆ ಅಷ್ಟೇ. "ಹೋಗಿ ಒಂದು ಕ್ವಾರ್ಟರ್ ತಗೊಂಡು ಬಾರೋ" ಅಂತ ಮಗನನ್ನು ಕಳಿಸುವ ಅಪ್ಪಂದಿರು ಎಷ್ಟು ಜನ ಇದನ್ನು ಕೇಳಿದ್ದಾರೆ?

ಅದೇ ಕಾಯ್ದೆಯ ನಿಯಮಗಳ ಪ್ರಕಾರ ಮದ್ಯದಂಗಡಿಯಲ್ಲಿ ಈ ಶಿಕ್ಷೆಯ ಬೋರ್ಡು ಎದ್ದು ಕಾಣುವ ಹಾಗೆ ಹಾಕಿರಬೇಕು. ನಿಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನೇ ನಿಮ್ಮ ಮೊದಲ ಮನವಿ ಮಾಡಿ. ಯಾರ ಮೇಲೂ ಆರೋಪ ಇಲ್ಲದ, ಬೇಗ ಆಗುವ ಕೆಲಸ ಅದು.

ಅಂಗಡಿಗಳ ಹತ್ತಿರ ಹೋಗುವ ಕ್ರಮ

ಲೈಸೆನ್ಸ್ ಇರುವ ವೈನ್ ಶಾಪ್, ಬಾರ್‌ಗಳಿಗಿಂತ ಹಳ್ಳಿಯ ಮಕ್ಕಳಿಗೆ ಹತ್ತಿರ ಇರುವುದು ಕದ್ದು ಮಾರುವ ಗೂಡಂಗಡಿ, ಚಿಲ್ಲರೆ ಅಂಗಡಿ. ಚಾಕೊಲೇಟ್ ಡಬ್ಬದ ಹಿಂದೆ 90 ಎಂಎಲ್ ಟೆಟ್ರಾ ಪ್ಯಾಕು. ಅಲ್ಲಿ ವಯಸ್ಸು ಕೇಳುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಆರಕ್ಕೂ ಸಿಗುತ್ತದೆ.

ನೇರವಾಗಿ ಗಲಾಟೆಗೆ ಹೋಗಬೇಡಿ. ಇಂಥ ಅಂಗಡಿ ನಡೆಸುವವರಲ್ಲಿ ಗಂಡ ಇಲ್ಲದ ಹೆಣ್ಣುಮಕ್ಕಳು, ಬೇರೆ ಆದಾಯ ಇಲ್ಲದ ವಯಸ್ಸಾದವರೂ ಇರುತ್ತಾರೆ. ಮೊದಲು ಇಬ್ಬರು ಹೆಂಗಸರು ಮನೆಗೆ ಹೋಗಿ ಮಾತಾಡಲಿ. "ಅಕ್ಕ, ಇದು ನಮ್ಮ ಮಕ್ಕಳ ಕೈಗೆ ಹೋಗ್ತಿದೆ" ಅಂತ ಹೇಳಲಿ. ಸ್ವಸಹಾಯ ಸಂಘದಿಂದ ಬೇರೆ ಕಸುಬಿಗೆ ಸಾಲ ಕೊಡಿಸಲು ಆಗುತ್ತದಾ ನೋಡಿ. ಹೀಗೆ ನಿಂತು ಹೋದ ಮಾರಾಟ ಮತ್ತೆ ಶುರುವಾಗುವುದು ಕಡಿಮೆ.

ಮಾತಿಗೆ ಬಗ್ಗದಿದ್ದರೆ ಕಾಗದ ಬರೆಯಿರಿ. ದೂರಿನಲ್ಲಿ ಜಾಗ, ದಿನ, ಹೊತ್ತು ಇರಬೇಕು. "ನಮ್ಮೂರಲ್ಲಿ ಅಕ್ರಮ ಮದ್ಯ ಜಾಸ್ತಿಯಾಗಿದೆ" ಅಂತ ಬರೆದ ಅರ್ಜಿಯಿಂದ ಯಾವ ಅಧಿಕಾರಿಗೂ ಕೆಲಸ ಮಾಡಲು ಆಗುವುದಿಲ್ಲ. "ಇಂಥ ಬಸ್ ಸ್ಟಾಪಿನ ಎದುರಿನ ಅಂಗಡಿ, ಶಾಲೆ ಬಿಟ್ಟ ಮೇಲೆ ನಾಲ್ಕೂವರೆಯಿಂದ ಆರರವರೆಗೆ" ಅಂತ ಬರೆದರೆ ಆಗುತ್ತದೆ. ಒಂದು ಪ್ರತಿ ತಾಲ್ಲೂಕಿನ ಅಬಕಾರಿ ಇನ್‌ಸ್ಪೆಕ್ಟರ್‌ಗೆ, ಒಂದು ಪೊಲೀಸ್ ಠಾಣೆಗೆ, ಒಂದು ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಂಗಡಿ ಮುಂದೆ ಕೂತು ಕುಡಿಯಲು ಜಾಗ ಕೊಡುವುದೂ ಅಬಕಾರಿ ಕಾಯ್ದೆಯಲ್ಲಿ ಬೇರೆಯೇ ಅಪರಾಧ. ಅದನ್ನೂ ಬರೆಯಿರಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ. ಒಬ್ಬರ ಹೆಸರಲ್ಲಿ ದೂರು ಹೋದರೆ ಅವರ ಮೇಲೆ ಹಗೆ ಬೀಳುತ್ತದೆ. ಸಭೆಯ ಹೆಸರಲ್ಲಿ ಹೋದರೆ ಆ ಭಯ ಕಡಿಮೆ.

ಮೂಡಿಗೆರೆ, ಸಕಲೇಶಪುರ, ಕಳಸದ ಕಡೆ ಹೋಮ್‌ಸ್ಟೇಗಳ ಜೊತೆ ಬೇರೆ ಮಾತು ಇದೆ. ಪ್ರವಾಸಿಗರು ಬಿಟ್ಟು ಹೋದ ಅರ್ಧ ಬಾಟಲಿಗಳು ಕೆಲಸಕ್ಕೆ ಬರುವ ಹುಡುಗರ ಪಾಲಾಗುತ್ತವೆ. ಬೆಂಗಳೂರಿನಿಂದ ಬರುವ ಗುಂಪುಗಳಲ್ಲಿ 21 ತುಂಬದವರು ಇರುತ್ತಾರೆ. ಡಿಸೆಂಬರ್ ಮೊದಲ ವಾರ ಪಂಚಾಯಿತಿಯಿಂದ ಮಾಲೀಕರ ಸಭೆ ಕರೆಸಿ ಮೂರು ವಿಷಯಕ್ಕೆ ಒಪ್ಪಿಸಿ. ಉಳಿದ ಮದ್ಯವನ್ನು ಚರಂಡಿಗೆ ಸುರಿಯಬೇಕು. 18ರೊಳಗಿನ ಯಾರ ಕೈಯಲ್ಲೂ ಬಾಟಲಿ ತರಿಸಬಾರದು, ಬಡಿಸಬಾರದು. ರೂಮ್ ಕೊಡುವಾಗ ಎಲ್ಲರ ಗುರುತಿನ ಚೀಟಿ ನೋಡಬೇಕು.

ಮನೆಗಳ ಒಪ್ಪಂದ

ಈ ಭಾಗ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಫಲ ಕೊಡುವುದೂ ಇದೇ.

ಐಸ್‌ಲ್ಯಾಂಡ್ ಅನ್ನುವ ಸಣ್ಣ ದೇಶದಲ್ಲಿ 1998ರಲ್ಲಿ 15–16 ವಯಸ್ಸಿನ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಅವರು ಮಕ್ಕಳಿಗೆ ಭಾಷಣ ಜಾಸ್ತಿ ಮಾಡಲಿಲ್ಲ. ಅಪ್ಪ ಅಮ್ಮಂದಿರು ಕೂತು ಒಪ್ಪಂದಕ್ಕೆ ಸಹಿ ಹಾಕಿದರು: ಮಕ್ಕಳು ರಾತ್ರಿ ಇಷ್ಟು ಹೊತ್ತಿಗೆ ಮನೆಗೆ ಬರಬೇಕು, ನಮ್ಮ ಮನೆಯಲ್ಲಿ ಯಾರ ಮಕ್ಕಳಿಗೂ ಮದ್ಯ ಸಿಗುವುದಿಲ್ಲ, ಒಬ್ಬರ ಮಗುವನ್ನು ಇನ್ನೊಬ್ಬರೂ ನೋಡಿಕೊಳ್ಳುತ್ತೇವೆ. ಸರ್ಕಾರ ಆಟಕ್ಕೆ, ಸಂಗೀತಕ್ಕೆ ದುಡ್ಡು ಕೊಟ್ಟಿತು. ಪ್ರತಿ ವರ್ಷ ಮಕ್ಕಳನ್ನೇ ಕೇಳಿ ಲೆಕ್ಕ ಇಟ್ಟರು. ಅವರ ಊರು ಬೇರೆ, ನಮ್ಮದು ಬೇರೆ. ಆದರೂ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ ಅಲ್ವಾ?

ನಿಮ್ಮೂರಿಗೆ ತಕ್ಕ ಒಪ್ಪಂದ ಮಾಡಿಕೊಳ್ಳಿ. ನಾಲ್ಕು ಸಾಲು ಇದ್ದರೆ ಸಾಕು.

ಮದುವೆ, ಬೀಗರ ಊಟ, ಹೊಸತೊಡಕಿನಲ್ಲಿ 21 ತುಂಬದವರಿಗೆ ಯಾರೂ ಮದ್ಯ ಕೊಡುವುದಿಲ್ಲ. ಮಕ್ಕಳ ಕೈಯಲ್ಲಿ ಬಾಟಲಿ, ಸೋಡಾ, ಗ್ಲಾಸು ತರಿಸುವುದಿಲ್ಲ. ಮನೆಯಲ್ಲಿ ಮದ್ಯ ಇದ್ದರೆ ಬೀಗ ಹಾಕಿ ಇಡುತ್ತೇವೆ. ಯಾರ ಮಗ ಕುಡಿದದ್ದು ಕಂಡರೂ ಊರೆಲ್ಲ ಸಾರದೆ ಅವನ ಅಪ್ಪ ಅಮ್ಮನಿಗೆ ಮಾತ್ರ ಹೇಳುತ್ತೇವೆ.

ಕೊನೆಯ ಸಾಲಿಗೆ ತಕರಾರು ಬರುತ್ತದೆ. "ನಮ್ಮ ಹುಡುಗನ ಬಗ್ಗೆ ಹೇಳೋಕೆ ನೀನ್ಯಾರು?" ಅನ್ನುವವರು ಇರುತ್ತಾರೆ. ಅದಕ್ಕೇ ಸಹಿ ಬೇಕು. ಮೊದಲೇ ಒಪ್ಪಿಕೊಂಡಿದ್ದರೆ ಆಮೇಲೆ ಬಂದು ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಸಭೆಗೆ ಅಮ್ಮಂದಿರು ಮಾತ್ರ ಬರುತ್ತಾರೆ, ಅಪ್ಪಂದಿರು ಬರುವುದಿಲ್ಲ. ಇದು ಎಲ್ಲ ಕಡೆಯ ಕಥೆ. ಅಪ್ಪಂದಿರು ಹೇಗೂ ಸೇರುವ ಜಾಗಕ್ಕೆ ನೀವೇ ಹೋಗಿ. ಹಾಲಿನ ಡೈರಿಯ ಮುಂದೆ ಬೆಳಿಗ್ಗೆ, ಸೊಸೈಟಿ ಸಭೆಯ ಕೊನೆಗೆ, ತೋಟದಲ್ಲಿ ಬಟವಾಡೆ ಶುರುವಾಗುವ ಮುಂಚೆ. ಹತ್ತು ನಿಮಿಷ ಮಾತಾಡಿದರೆ ಸಾಕು. ಕುಡಿಯುವ ಅಪ್ಪನಿಗೆ "ನೀವು ಕುಡೀಬೇಡಿ" ಅಂತ ಆ ದಿನ ಹೇಳಬೇಡಿ. "ಮಗನ ಕೈಯಲ್ಲಿ ತರಿಸಬೇಡಿ, ಅವನ ಎದುರು ಕುಡೀಬೇಡಿ" ಅಂತ ಕೇಳಿ. ಇಷ್ಟಕ್ಕೆ ಒಪ್ಪುವವರು ಬಹಳ ಜನ ಸಿಗುತ್ತಾರೆ.

"ಮನೆಯಲ್ಲೇ ನಮ್ಮ ಮುಂದೆ ಸ್ವಲ್ಪ ಕುಡಿದರೆ ಹೊರಗೆ ಹಾಳಾಗಲ್ಲ" ಅನ್ನುವ ನಂಬಿಕೆ ಓದಿದವರಲ್ಲೂ ಇದೆ. ಅದು ತಪ್ಪು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 15ರೊಳಗೆ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ 40 ಮಂದಿ ಮುಂದೆ ಚಟಕ್ಕೆ ಬಿದ್ದಿದ್ದರು. 20 ದಾಟಿ ಶುರು ಮಾಡಿದವರಲ್ಲಿ ಅದು ಸುಮಾರು ಶೇ 10. ಯೋಚಿಸಿ ತೀರ್ಮಾನ ಮಾಡುವ, ಆಸೆ ತಡೆದುಕೊಳ್ಳುವ ಮೆದುಳಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬೇಕು. ಮೊದಲ ಗ್ಲಾಸನ್ನು ಒಂದೊಂದು ವರ್ಷ ಮುಂದೆ ತಳ್ಳಿದರೂ ಅದು ಮಗುವಿಗೆ ಆದ ಲಾಭವೇ.

ಶಾಲೆಯಲ್ಲಿ ಏನು ಹೇಳಬೇಕು

ಕೊಳೆತ ಲಿವರ್ ಚಿತ್ರ ತೋರಿಸಿ ಹೆದರಿಸುವುದು ಬೇಡ. ಮಕ್ಕಳು ದಿನಾ ಕುಡಿದೂ ಓಡಾಡಿಕೊಂಡಿರುವ ದೊಡ್ಡವರನ್ನು ನೋಡುತ್ತಿರುತ್ತಾರೆ. ಹೆದರಿಸಿದವರ ಮಾತನ್ನು ನಂಬುವುದನ್ನೇ ಬಿಟ್ಟುಬಿಡುತ್ತಾರೆ.

"ಈಗಿನ ಹುಡುಗರೆಲ್ಲ ಕುಡೀತಾರೆ" ಅಂತ ವೇದಿಕೆಯಲ್ಲಿ ಹೇಳುವುದಂತೂ ಬೇಡವೇ ಬೇಡ. ಏಮ್ಸ್ ನಡೆಸಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವರ್ಷದವರಲ್ಲಿ ಮದ್ಯ ಬಳಸುವವರು ಶೇ 1.3 ಮಾತ್ರ. ಅಂದರೆ ನೂರು ಮಕ್ಕಳಲ್ಲಿ 98ಕ್ಕಿಂತ ಹೆಚ್ಚು ಮಂದಿ ಕುಡಿಯುತ್ತಿಲ್ಲ. ಇದನ್ನು ಮಕ್ಕಳಿಗೆ ಹೇಳಿ. ಎಲ್ಲರೂ ಕುಡಿಯುತ್ತಾರೆ, ನಾನೊಬ್ಬನೇ ಹೊರಗೆ ಅಂದುಕೊಂಡ ಹುಡುಗನಿಗೆ ಇದು ದೊಡ್ಡ ಧೈರ್ಯ.

ಗಣಿತದ ಮೇಷ್ಟ್ರಿಂದ ಒಂದು ಲೆಕ್ಕ ಮಾಡಿಸಿ. 30 ಎಂಎಲ್‌ನ ಸಣ್ಣ ಪೆಗ್, ಶೇ 42.8 ಆಲ್ಕೋಹಾಲ್ ಇರುವ ವಿಸ್ಕಿ ಅಂತಿಟ್ಟುಕೊಳ್ಳಿ. ಅದರಲ್ಲಿ ಆಲ್ಕೋಹಾಲ್ ಸುಮಾರು 13 ಎಂಎಲ್. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್. ಅಂದರೆ "ಬಿಯರ್ ಏನ್ ಮಹಾ, ಜ್ಯೂಸ್ ಥರ" ಅಂತ ಕುಡಿದ ಒಂದು ಬಾಟಲಿಯಲ್ಲಿ ನಾಲ್ಕು ಪೆಗ್ ಇರುತ್ತದೆ. ಒಂದು ಟೆಟ್ರಾ ಪ್ಯಾಕಿನಲ್ಲಿ ಮೂರು, 180 ಎಂಎಲ್ ಕ್ವಾರ್ಟರಿನಲ್ಲಿ ಆರು. ದೊಡ್ಡವರ ದೇಹಕ್ಕೇ ಒಂದು ಪೆಗ್ ಕರಗಿಸಲು ಸುಮಾರು ಒಂದು ಗಂಟೆ ಬೇಕು. ಕಾಫಿ, ನಿಂಬೆಹಣ್ಣು, ಮಜ್ಜಿಗೆ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಹದಿಮೂರರ ಹುಡುಗನ ತೂಕ ಎಷ್ಟಿರುತ್ತದೆ? ಲೆಕ್ಕವನ್ನು ಅವರೇ ಮುಂದುವರಿಸಲಿ.

ಇನ್ನೊಂದು, ಬೇಡ ಅನ್ನುವುದನ್ನು ಅಭ್ಯಾಸ ಮಾಡಿಸಿ. ಇಬ್ಬಿಬ್ಬರನ್ನು ನಿಲ್ಲಿಸಿ, ಒಬ್ಬ ಭಾವನಾಗಲಿ, ಇನ್ನೊಬ್ಬ ಬೇಡ ಅನ್ನಲಿ. "ನಾಳೆ ಮ್ಯಾಚ್ ಇದೆ ಭಾವ." "ಮಾತ್ರೆ ತಗೊಂಡಿದೀನಿ." "ಅಮ್ಮನಿಗೆ ಗೊತ್ತಾದ್ರೆ ಬಿಡಲ್ಲ." ಮೊದಲು ನಗುತ್ತಾರೆ, ಆಮೇಲೆ ತಾವೇ ಹೊಸ ಉತ್ತರ ಹುಡುಕುತ್ತಾರೆ. ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಬೆಳೆಸಿದ ಮಕ್ಕಳಿಗೆ, ಇಂಥ ಹೊತ್ತಲ್ಲಿ ಎದ್ದು ಹೋಗಬಹುದು ಅಂತ ಮೇಷ್ಟ್ರೇ ಬಾಯಿಬಿಟ್ಟು ಹೇಳಬೇಕು.

ವರ್ಷಕ್ಕೊಂದು ಭಾಷಣದಿಂದ ಇದು ಆಗುವುದಿಲ್ಲ. ತಿಂಗಳಿಗೊಂದು ಪಿರಿಯಡ್ ಇಟ್ಟುಕೊಳ್ಳಿ.

ಸಂಜೆ ಐದರಿಂದ ಎಂಟು

ಶಾಲೆ ಬಿಟ್ಟ ಮೇಲೆ ಹುಡುಗರು ಎಲ್ಲಿ ಹೋಗಬೇಕು? ಪಂಚಾಯಿತಿ ಲೈಬ್ರರಿ ಈಗ ಅರಿವು ಕೇಂದ್ರ ಆಗಿದೆ. ಸಂಜೆ ತೆರೆದಿಡಲು, ಕೇರಂ, ಚೆಸ್ ಇಡಲು ಕೇಳಿ. ವಾಲಿಬಾಲ್ ಕೋರ್ಟಿಗೆ ಒಂದು ಲೈಟು ಹಾಕಿಸಿ. ಕೆಸರುಗದ್ದೆ ಓಟ, ಕಬಡ್ಡಿ ಪಂದ್ಯ ನಡೆಸುವ ಯುವಕ ಸಂಘಗಳಿಂದ ಒಂದು ಮಾತು ತೆಗೆದುಕೊಳ್ಳಿ: ಮೈದಾನದಲ್ಲಿ ಮದ್ಯ ಇಲ್ಲ, ಗೆದ್ದವರಿಗೆ ಎಣ್ಣೆ ಪಾರ್ಟಿ ಇಲ್ಲ, ಅದರ ಬದಲು ಎಲ್ಲರಿಗೂ ಊಟ. ಪರೀಕ್ಷೆ ಮುಗಿದ ದಿನ ಶಾಲೆಯಲ್ಲೇ ಸಂಜೆ ಒಂದು ಕಾರ್ಯಕ್ರಮ ಇಡಿ.

ಈಗಾಗಲೇ ಕುಡಿಯುತ್ತಿರುವ ಮಗು ಸಿಕ್ಕರೆ

ಹೊಡೆಯಬೇಡಿ. ಕುಡಿದಿರುವಾಗ ಮಾತಾಡಬೇಡಿ. ಮಾರನೇ ದಿನ, ಒಬ್ಬರೇ, ಬೇರೆಯವರು ಇಲ್ಲದ ಜಾಗದಲ್ಲಿ ಕೂತು ಕೇಳಿ: "ಏನಾಯ್ತು, ಯಾರ ಜೊತೆ ಇದ್ದೆ?" ಉತ್ತರ ಬರಲು ಹೊತ್ತಾಗುತ್ತದೆ. ಕಾಯಿರಿ. ಶಾಲೆಯಿಂದ ಹೆಸರು ತೆಗೆದುಹಾಕುವುದಂತೂ ಬೇಡ. ಶಾಲೆಯಿಂದ ಹೊರಬಿದ್ದ ಹುಡುಗ ಇಡೀ ದಿನ ಕುಡಿಯುವವರ ಜೊತೆಗೇ ಇರುತ್ತಾನೆ.

ಮಾತಾಡಲು ಸಹಾಯ ಬೇಕಿದ್ದರೆ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಚಟ ಬಿಡಿಸುವ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446. ಮಗುವಿಗೆ ಮನೆಯಲ್ಲೇ ಅಪಾಯ ಇದ್ದರೆ ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆಯಾ ಅಂತ ಆಶಾ ಹತ್ತಿರ ಕೇಳಿ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ದಿನಾ ಕುಡಿಯುವ ಹಂತಕ್ಕೆ ಹೋದವರನ್ನು ಡಾಕ್ಟರಿಗೆ ತೋರಿಸದೆ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು.

ಮಿತಿ ಮೀರಿ ಕುಡಿದು ಬಿದ್ದ ಮಗುವಿನ ವಿಷಯದಲ್ಲಿ ತಡ ಮಾಡಬೇಡಿ. ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾಗಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ, ವಾಂತಿಯಾದರೆ ಹೊರಗೆ ಹರಿಯುವ ಹಾಗೆ ಮುಖ ಇಡಿ. ಕಂಬಳಿ ಹೊದಿಸಿ. ತಲೆಗೆ ತಣ್ಣೀರು ಸುರಿಯುವುದು, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಮಜ್ಜಿಗೆ ಕುಡಿಸುವುದು ಯಾವುದೂ ಬೇಡ. "ಮಲಗಿ ಎದ್ದರೆ ಸರಿಹೋಗ್ತಾನೆ" ಅಂತ ಒಬ್ಬನನ್ನೇ ಬಿಟ್ಟು ಹೋಗಬೇಡಿ. ಡಾಕ್ಟರ ಹತ್ತಿರ ಏನು ಕುಡಿದ, ಎಷ್ಟು ಕುಡಿದ ಅನ್ನುವುದನ್ನು ಮುಚ್ಚಿಡಬೇಡಿ. ಮಲೆನಾಡಿನ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆಂಬುಲೆನ್ಸ್ ಬರಲು ಹೊತ್ತಾಗುತ್ತದೆ. ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಯಾರ ಜೀಪು ಸಿಗುತ್ತದೆ ಅಂತ ಹಬ್ಬಕ್ಕೆ ಮುಂಚೆಯೇ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ.

ಲೆಕ್ಕ ಇಡಿ

ಮೂರು ತಿಂಗಳಿಗೊಮ್ಮೆ ಅದೇ ಐದಾರು ಜನ ಕೂತು ನಕ್ಷೆಯನ್ನು ಮತ್ತೆ ನೋಡಿ. ಯಾವ ಜಾಗ ಅಳಿಸಬಹುದು, ಯಾವುದು ಹೊಸದಾಗಿ ಸೇರಿದೆ? ಒಂದು ಅಂಗಡಿ ಮುಚ್ಚಿದರೆ ಮಾರಾಟ ಪಕ್ಕದ ಹಟ್ಟಿಗೆ ಹೋಗಿರಬಹುದು, ಅದನ್ನೂ ವಿಚಾರಿಸಿ. ವರ್ಷಕ್ಕೊಮ್ಮೆ ಚೀಟಿಯ ಡಬ್ಬ ಮತ್ತೆ ಇಡಿ, ಅದೇ ಪ್ರಶ್ನೆಗಳನ್ನು ಬದಲಾಯಿಸದೆ ಕೇಳಿ. ಇಲ್ಲದಿದ್ದರೆ ಹೋದ ವರ್ಷಕ್ಕೆ ಹೋಲಿಸಲು ಆಗುವುದಿಲ್ಲ. ಮೇಷ್ಟ್ರಿಗೆ ವರ್ಗ ಆಗುತ್ತದೆ, ಪಿಡಿಒ ಬದಲಾಗುತ್ತಾರೆ. ಅರ್ಜಿಯ ನಕಲು, ನಿರ್ಣಯ, ಒಪ್ಪಂದದ ಹಾಳೆ ಎಲ್ಲ ಒಂದೇ ಫೈಲಿನಲ್ಲಿ, ಊರಲ್ಲೇ ಇರುವವರ ಮನೆಯಲ್ಲಿ ಇರಲಿ.

ಪ್ರತಿ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗುತ್ತವೆ. ಚೀಟಿಗಳಲ್ಲಿ ಬಂದದ್ದನ್ನು ಹೆಸರಿಲ್ಲದೆ ಅಲ್ಲಿ ಮಕ್ಕಳೇ ಓದಿ ಹೇಳಲಿ, ಅಬಕಾರಿ ಮತ್ತು ಪೊಲೀಸ್ ಇಲಾಖೆಯಿಂದ ಒಬ್ಬೊಬ್ಬರು ಬಂದು ಉತ್ತರ ಕೊಡಲಿ. ಅವರನ್ನು ಕರೆಯುವ ಪತ್ರ ಪಂಚಾಯಿತಿಯಿಂದ ಹದಿನೈದು ದಿನ ಮೊದಲು ಹೋಗಬೇಕು. ಈ ವರ್ಷದ ದಿನಾಂಕ ಯಾವುದು ಅಂತ ಇವತ್ತೇ ಪಿಡಿಒ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.